ಮೂವತ್ತು ಸೆಕೆಂಡಿನ ದೇವರನಾಮಗಳು

ಬೆಳಿಗ್ಗೆ ದೇವರಿಗೆ ದೀಪ ಹಚ್ಚಿ ಕೈಮುಗಿದ ಮೇಲೆ ಜಲಜಮ್ಮ ಟೀವಿ ಹಾಕುತ್ತಾರೆ. ಸುದ್ದಿ, ಹವಾಮಾನ, ಅಡುಗೆ ಬರುವಾಗ ಧ್ವನಿ ಬಂದ್. ಜಾಹೀರಾತು ಶುರುವಾದ ಕೂಡಲೇ ಧ್ವನಿ ಜೋರು. ಜಪಾನಿನ ಇಚಿಕಾವಾದ ಆ ಎರಡು ಕೋಣೆಯ ಮನೆಯಲ್ಲಿ ಈ ಕ್ರಮ ಒಂದು ದಿನವೂ ತಪ್ಪಿದ್ದಿಲ್ಲ. ಏಕಾದಶಿಯಂದು ಅನ್ನ ಬಿಟ್ಟಾರು, ಜಾಹೀರಾತು ಬಿಡರು.

“ಎಲ್ಲರೂ ಅಕ್ಕಿ ಆರಿಸಿ ಕಲ್ಲು ಬಿಸಾಕಿದ್ರೆ, ಇವಳು ಕಲ್ಲು ಆರಿಸಿ ಅಕ್ಕಿ ಬಿಸಾಕ್ತಾಳೆ,” ಎನ್ನುವುದು ಪತಿ ನಟರಾಜರ ಹಳೆಯ ದೂರು.

ಅವರು ಮೈಸೂರಿನಿಂದ ಇಲ್ಲಿಗೆ ಬಂದದ್ದು ಎಂಬತ್ತೇಳರಲ್ಲಿ, ಮದುವೆಯಾದ ಮೂರನೇ ತಿಂಗಳು. ನಟರಾಜರು ಸಂಶೋಧನಾ ಸಂಸ್ಥೆಯೊಂದರಲ್ಲಿ ಲೋಹಕ್ಕೆ ತುಕ್ಕು ಏಕೆ ಹಿಡಿಯುತ್ತದೆ ಎಂದು ಹುಡುಕುತ್ತಿದ್ದರು. ಹೆಂಡತಿಗೆ ಏಕೆ ಹಿಡಿಯುತ್ತದೆ ಎಂದು ಕೇಳಲು ಅವರಿಗೆ ಬಿಡುವಿರಲಿಲ್ಲ. ಜಲಜಮ್ಮನಿಗೆ ಮಾತಿಲ್ಲ, ಜನರಿಲ್ಲ, ಇದ್ದದ್ದು ಟೀವಿ. ಕಾರ್ಯಕ್ರಮಗಳಲ್ಲಿ ಜನ ಬರೀ ಮಾತಾಡುತ್ತಿದ್ದರು, ಜಾಹೀರಾತುಗಳಲ್ಲಿ ಹಾಡುತ್ತಿದ್ದರು. ಆ ಕಾಲದಲ್ಲಿ ಎಷ್ಟೋ ಹೊಸ ಹಾಡುಗಳು ಮೊದಲು ಕಿವಿಗೆ ಬೀಳುತ್ತಿದ್ದದ್ದೇ ಯಾವುದೋ ಶಾಂಪೂವಿನ ಜೊತೆ, ಕಾರಿನ ಜೊತೆ. ಹಾಡು ಪೂರ್ತಿ ಬರುತ್ತಿರಲಿಲ್ಲ. ಪಲ್ಲವಿಯ ಸಿಹಿಯಾದ ತುಂಡು ಮಾತ್ರ. ಹದಿನೈದು ಸೆಕೆಂಡು, ಹೆಚ್ಚೆಂದರೆ ಮೂವತ್ತು. ಕಂಪನಿಯ ಹೆಸರು ಬಂತು, ಹಾಡು ಮುಗಿಯಿತು.

ಮೈಸೂರಿನ ಭಜನಾ ಮಂಡಳಿಗಳಲ್ಲಿ ಸಿನಿಮಾ ಹಾಡಿನ ಧಾಟಿಗೆ ದೇವರ ಹೆಸರು ಕೂರಿಸಿ ಹಾಡುವುದು ಹೊಸದಲ್ಲ. ಜಲಜಮ್ಮನೂ ಅದನ್ನೇ ಮಾಡಿದರು. ಅಜೀರ್ಣದ ಮಾತ್ರೆಯ ಹಾಡು ಗಣಪತಿಗೆ ಹೋಯಿತು. ಸೊಂಟನೋವಿನ ಪಟ್ಟಿಯದು ಹನುಮಂತನಿಗೆ. ಏರ್‌ ಕಂಡೀಷನರ್‌ನದು, ಕೈಲಾಸವಾಸಿ ಎಂಬ ಕಾರಣಕ್ಕೆ, ಶಿವನಿಗೆ. ಬಿಳಿ ಉಡುಪಿನ ಹುಡುಗಿಯೊಬ್ಬಳು ಸಮುದ್ರದ ದಂಡೆಯಲ್ಲಿ ನೊರೆಯುಕ್ಕುವ ಲೋಟ ಎತ್ತಿ ಹಿಡಿಯುವ ಜಾಹೀರಾತೊಂದಿತ್ತು. ಅದರ ಹಾಡು ಎಲ್ಲಕ್ಕಿಂತ ಚೆನ್ನಾಗಿತ್ತು. ಅದನ್ನು ದೇವಿಯ ಮಂಗಳಾರತಿಗೆ ಇಟ್ಟುಕೊಂಡರು.

ತೊಂಬತ್ತರ ದಶಕದಲ್ಲಿ ಬೆಂಗಳೂರಿನಿಂದ ಕಂಪ್ಯೂಟರ್‌ ಕೆಲಸದ ಕುಟುಂಬಗಳು ಬರತೊಡಗಿದವು, ಭಜನಾ ಕೂಟ ಶುರುವಾಯಿತು. ಹೊಸಬರಿಗೆ ಈ ಹಾಡುಗಳು ಬಹಳ ಹಿಡಿಸಿದವು. ಭಕ್ತಿ ಇತ್ತು, ಬೇಗ ಮುಗಿಯುತ್ತಿತ್ತು. ಕೊನೆಯ ರೈಲಿನ ಚಿಂತೆಯಿರಲಿಲ್ಲ. “ಟ್ಯೂನ್‌ ಯಾರದು ಮೇಡಂ?” ಎಂದು ಯಾರೋ ಕೇಳಿದಾಗ ಜಲಜಮ್ಮ ನಕ್ಕು ಸುಮ್ಮನಾದರು. ಮರುವರ್ಷದ ಆಮಂತ್ರಣ ಪತ್ರಿಕೆಯಲ್ಲಿ ‘ರಾಗ ಸಂಯೋಜನೆ: ಶ್ರೀಮತಿ ಜಲಜಾ ನಟರಾಜ’ ಎಂದು ಬಂತು. ಆಗಲೂ ಸುಮ್ಮನಾದರು. ಮೂವತ್ತೊಂದು ವಿಜಯದಶಮಿಗಳಲ್ಲಿ ಆರತಿ ಹಾಡು ಅವರದೇ. ಉಳಿದ ಮುನ್ನೂರ ಅರವತ್ನಾಲ್ಕು ದಿನ ತಾವು ಕಾಯುವುದು ಆ ಒಂದಕ್ಕೇ ಎಂದು, ಭಜನೆಯಲ್ಲಿ ಪಕ್ಕದಲ್ಲೇ ಕೂರುವ ನನ್ನೊಡನೆ ಒಮ್ಮೆ ಹೇಳಿದ್ದರು, ನಾಚಿಕೊಂಡು.

ಈ ವರ್ಷ ಏನಾಯಿತೆಂದರೆ, ನೊರೆಯುಕ್ಕುವ ಲೋಟದ ಆ ಬಿಯರ್‌ ಕಂಪನಿ ಹಳೆಯ ಹಾಡನ್ನು ಹೊಸ ಜಾಹೀರಾತಿಗೆ ಮತ್ತೆ ತಂದಿತು. ಸಾರ್ವಜನಿಕ ಸಭಾಂಗಣದಲ್ಲಿ ನವರಾತ್ರಿಯ ತಾಲೀಮು ನಡೆಯುತ್ತಿತ್ತು. ನಮ್ಮ ಭಜನೆಯ ಅಪರ್ಣಾಳ ಮಗಳು ಸಂಜನಾ, ಹದಿಮೂರು ವರ್ಷ, ಇಲ್ಲೇ ಹುಟ್ಟಿದವಳು, ಆರತಿಯ ನಡುವೆ ಕಿಸಕ್ಕನೆ ನಕ್ಕಳು.

“ಆಂಟಿ, ದಿಸ್‌ ಈಸ್‌ ದ ಬೀರು ಸಾಂಗ್‌!”

“ಯಾವ ಬೀರು? ಮನೇಲಿರೋ ಬೀರುನಾ?” ಎಂದಳು ಅಪರ್ಣಾ.

“ನೋ ಅಮ್ಮಾ, ಕುಡಿಯೋದು!” ಹುಡುಗಿ ಮೊಬೈಲ್‌ ತೆಗೆದು ಹಾಕಿಯೇಬಿಟ್ಟಳು. ಅದೇ ಏರು, ಅದೇ ಇಳಿತ. ‘ಪಾಹಿ ಪಾಹಿ’ ಬರುವ ಜಾಗದಲ್ಲಿ ಲೋಟ ತುಂಬುವ ಸದ್ದು.

ಬಾಗಿಲಲ್ಲಿ ನಿಂತಿದ್ದ ಸಭಾಂಗಣ ನೋಡಿಕೊಳ್ಳುವ ಮುದುಕ ಒಗಾವಾ ಸಾನ್‌ ಅವರ ಮುಖ ಅರಳಿತು. ಅವರು ಇಲ್ಲದ ಲೋಟವೊಂದನ್ನು ದೇವಿಯ ಪಟದ ಕಡೆ ಎತ್ತಿ ಹಿಡಿದು ತಲೆಬಾಗಿದರು. ಇಷ್ಟು ವರ್ಷ ಆರತಿಗೆ ಮಾತ್ರ ತಪ್ಪದೆ ಬಂದು ನಿಲ್ಲುತ್ತಿದ್ದುದು ಏಕೆಂದು ಎಲ್ಲರಿಗೂ ಒಟ್ಟಿಗೇ ಹೊಳೆಯಿತು. ಭಾರತದವರ ದೇವಿ ಎಷ್ಟು ರಸಿಕಳು ಎಂದುಕೊಂಡಿದ್ದರೋ ಏನೋ.

ನವರಾತ್ರಿ ನಡೆಸುವ ನಮ್ಮ ಕನ್ನಡ ಸಂಘದ ಅಧ್ಯಕ್ಷ ಚಂದ್ರಮೋಹನ್‌ ಇರುವುದು ಯೋಕೋಹಾಮಾದಲ್ಲಿ, ಮನೆಯಲ್ಲಿ ಈರುಳ್ಳಿ ಸಹ ಸೇರದು. ಅವರು ಆ ಭಾನುವಾರ ಜಲಜಮ್ಮನ ಮನೆಗೆ ಬಂದು ಸೋಫಾದ ತುದಿಯಲ್ಲಿ ಕುಳಿತರು. ನಾನು ಅವಲಕ್ಕಿ ಹಿಡಿದು ಹೋದದ್ದು ಅದೇ ಹೊತ್ತಿಗೆ.

“ಮೇಡಂ, ಕಮಿಟೀಲಿ ಗಲಾಟೆ. ಹೆಂಡದ ಟ್ಯೂನ್‌ಗೆ ದೇವಿ ಆರತಿನಾ ಅಂತಾರೆ. ನೇಹಾ ಅಂತ ಹೊಸ ಹುಡುಗಿ, ಕ್ಲಾಸಿಕಲ್‌ ಕಲ್ತಿದ್ದಾಳಂತೆ, ಅವಳಿಗೆ ಕೊಡಿ ಅಂತಾರೆ.”

ಜಲಜಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದರು, ಬಿಚ್ಚಿದರು, ಮತ್ತೆ ಸುತ್ತಿದರು.

“ನಾನು ಬಿಡಲ್ಲ,” ಎಂದರು ಚಂದ್ರಮೋಹನ್‌. “ಒಂದು ದಾರಿ ಇದೆ. ಮೈಕ್‌ನಲ್ಲಿ ನಾನೇ ಅನೌನ್ಸ್‌ ಮಾಡ್ತೀನಿ. ಇದು ನಮ್ಮ ಪ್ರಾಚೀನ ಧಾಟಿ, ಜಲಜಾ ಮೇಡಂ ಅಜ್ಜಿ ಹಾಡ್ತಿದ್ದದ್ದು, ಬೀರ್‌ ಕಂಪನಿಯವ್ರೇ ನಮ್ಮಿಂದ ಹೊಡ್ಕೊಂಡಿದ್ದು ಅಂತ. ಜನ ಚಪ್ಪಾಳೆ ತಟ್ತಾರೆ! ಆರತಿ ನಿಮ್ಮದೇ. ನೀವು ಬಾಯೇ ಬಿಡ್ಬೇಡಿ.”

“ಒಪ್ಕೊಳ್ಳೇ,” ಎಂದರು ನಟರಾಜ. “ಮೂವತ್ತು ವರ್ಷ ಬಾಯಿ ಬಿಟ್ಟಿಲ್ಲ, ಇನ್ನೊಂದು ವರ್ಷ ತಾನೆ?”

“ನಮ್ಮಜ್ಜಿ ಮೂಗಿ ಕಣ್ರೀ,” ಎಂದರು ಜಲಜಮ್ಮ.

ಚಂದ್ರಮೋಹನ್‌ ತಬ್ಬಿಬ್ಬಾದರು. “ಮುತ್ತಜ್ಜಿ ಅನ್ನೋಣ ಹಾಗಾದ್ರೆ.”

ಜಲಜಮ್ಮ ನಕ್ಕರು. ಆಮೇಲೆ ಕಣ್ಣು ಒದ್ದೆಯಾಯಿತು, ಒರೆಸಿಕೊಳ್ಳಲಿಲ್ಲ.

“ಹಾಡ್ಬೇಕು ಅಂತ ತುಂಬಾ ಆಸೆ ಇದೆ ಚಂದ್ರಮೋಹನ್‌. ಅದಕ್ಕೇ ಇಷ್ಟು ವರ್ಷ ನಾನು ಸುಮ್ನಿದ್ದು ಸುಳ್ಳು ಹೇಳಿದೆ. ಇಲ್ಲಿಗೆ ಬಂದವಳನ್ನ ಒಂದು ನರಪಿಳ್ಳೆನೂ ಮಾತಾಡಿಸದಿದ್ದಾಗ ಟೀವೀಲಿ ಆ ಬಿಳಿ ಬಟ್ಟೆ ಹುಡುಗಿ ದಿನಾ ಹಾಡಿದಳು, ಯಾರೋ ಏನೋ. ಈಗ ನಾನು ಅವಳನ್ನೇ ಕಳ್ಳಿ ಅಂತ ಮೈಕ್‌ನಲ್ಲಿ ಅನ್ನಿಸ್ಲಾ? ಅದೂ ದೇವಿ ಎದುರಿಗೆ?”

“ಹಾಗಾದ್ರೆ ಆರತಿ ಹೋಗುತ್ತೆ ಮೇಡಂ.”

“ಗೊತ್ತು. ನೀವು ನನಗೋಸ್ಕರ ಬಂದ್ರಿ, ಅರಿಗಾತೋ. ಆದ್ರೆ ಆ ಉಪಕಾರ ಬೇಡ. ನೇಹಾಗೆ ಫೋನ್‌ ಮಾಡಿ, ಅವಳೇ ಹಾಡ್ಲಿ.”