ಸೂತಕದ ಮನೆಯ ಆಕ್ಸಿಜನ್ ಮಷಿನ್

ನನ್ನ ಬಾಯಿ ಜೋರು ಎಂಬುದು ಮುಂಬಯಿಯ ಸಯನ್‌ನಲ್ಲಿರುವ ನಮ್ಮ ಬಿಲ್ಡಿಂಗಿನಲ್ಲಿ ಎಲ್ಲರಿಗೂ ಗೊತ್ತು. ನೀರು ಬರದಿದ್ದರೆ ಸೊಸೈಟಿ ಆಫೀಸಿಗೆ ಹೋಗಿ ಜಗಳ ಆಡುವವಳು ನಾನೇ. ಕುರ್ಲಾದಲ್ಲಿರುವ ನಮ್ಮ ಹೋಟೆಲಿಗೆ ತರಕಾರಿಯವನು ಕೊಳೆತ ಟೊಮೆಟೊ ಕಳಿಸಿದರೆ, ಗಂಡ ಸುಮ್ಮನೆ ಫೋನನ್ನು ನನ್ನ ಕೈಗೆ ಕೊಡುತ್ತಾರೆ. ಇಂಥ ಬಾಯಿ, ನಿಜವಾಗಿ ಬೇಕಾಗಿದ್ದ ದಿನ ತೆರೆಯಲಿಲ್ಲ.

ಅತ್ತೆಗೆ ಕೊನೆಕೊನೆಗೆ ಉಸಿರಾಟದ್ದೇ ತೊಂದರೆ. ಮುನಸಿಪಾಲ್ಟಿ ಆಸ್ಪತ್ರೆಯಲ್ಲಿ ಆಕ್ಸಿಜನ್ ಮಷಿನ್‌ಗಳು ಸಾಲುತ್ತಿರಲಿಲ್ಲ. ಕೆಟ್ಟವು ರಿಪೇರಿ ಕಾಣದೆ ಕಾರಿಡಾರಿನಲ್ಲಿ ಧೂಳು ತಿನ್ನುತ್ತಿದ್ದವು. "ಹೊರಗಿನಿಂದ ಮಷಿನ್ ತರಿಸಿದರೆ ಮನೆಗೆ ಕರೆದುಕೊಂಡು ಹೋಗಿ" ಎಂದರು ಡಾಕ್ಟರು. ನಮ್ಮ ಕನ್ನಡ ಸಂಘದವರು ವೀಲ್‌ಚೇರ್, ವಾಕರ್ ಎಲ್ಲ ಕಾಯಿಲೆಯವರ ಮನೆಗೆ ಎರವಲು ಕೊಡುತ್ತಾರೆ. ಅವರ ಹತ್ತಿರ ಇದ್ದ ಒಂದೇ ಆಕ್ಸಿಜನ್ ಮಷಿನ್ ನಮ್ಮ ಪಾಲಿಗೆ ಬಂತು. ಹಗಲು ರಾತ್ರಿ ಗುರ್ ಅನ್ನುವ ಅದರ ಮೇಲೆ ಮೊದಮೊದಲು ನನಗೆ ವಿಪರೀತ ಸಿಟ್ಟು. ಆಮೇಲೆ ಆ ಸದ್ದು ಇದ್ದರೇ ನಿದ್ದೆ. ಸದ್ದು ಕೇಳುತ್ತಿದೆ ಎಂದರೆ ಅತ್ತೆ ಇದ್ದಾರೆ ಎಂದು ಲೆಕ್ಕ.

ಹೋದ ವರ್ಷ ಮಳೆ ಹಿಡಿಯುವ ಮೊದಲು ಅತ್ತೆ ಹೋದರು. ನನ್ನ ಗಂಡನ ಅಕ್ಕ, ನಾನು ಅತ್ತಿಗೆ ಎಂದು ಕರೆಯುವವರು, ಉಡುಪಿಯಿಂದ ಬಂದರು. ಬಂದವರೇ ಮಷಿನ್ ಇದ್ದ ಕೋಣೆಯ ಬಾಗಿಲು ಎಳೆದರು. "ಬೊಜ್ಜ ಆಗುವವರೆಗೆ ಈ ಮನೆಯಿಂದ ಒಂದು ಸಾಮಾನೂ ಹೊರಗೆ ಹೋಗ್ಲಿಕ್ಕಿಲ್ಲ, ಆಯ್ತಾ" ಎಂದರು. ಉತ್ತರಕ್ರಿಯೆಗೆ ನಮ್ಮ ಕಡೆ ಬೊಜ್ಜ ಎನ್ನುತ್ತೇವೆ. ಅಲ್ಲಿಯವರೆಗೆ ಸೂತಕ.

ಸಂಘದ ಕಾರ್ಯದರ್ಶಿ ಫೋನ್ ಮಾಡಿ, ಮಷಿನ್ ಒಬ್ಬರಿಗೆ ಅರ್ಜೆಂಟಾಗಿ ಬೇಕಿತ್ತಲ್ಲ ಎಂದರು. ಅವರೂ ನಮ್ಮ ಊರ ಕಡೆಯವರೇ. ಸೂತಕ ಎಂದ ಕೂಡಲೇ "ಹಾಗಾದ್ರೆ ಮುಗೀಲಿ" ಎಂದು ಇಟ್ಟುಬಿಟ್ಟರು. ಆದರೆ ಬೇಕಾದವಳು ಕಾಯಲಿಲ್ಲ. ಬೇರೆ ಯಾರ ಹತ್ತಿರವೋ ವಿಳಾಸ ಕೇಳಿಕೊಂಡು ಮರುದಿನ ನಮ್ಮ ಬಾಗಿಲಿಗೇ ಬಂದಳು.

ಕಲಬುರಗಿ ಕಡೆಯ ಹೆಂಗಸು. ಗಂಡ ಪವಾಯಿಯ ದೊಡ್ಡ ದೊಡ್ಡ ಬಿಲ್ಡಿಂಗುಗಳಲ್ಲಿ ನೆಲದ ಕಲ್ಲು ಕತ್ತರಿಸುವವನು. ಆ ಧೂಳೇ ಎದೆಯೊಳಗೆ ಕೂತಿತ್ತು.

"ಆಸ್ಪತ್ರ್ಯಾಗ ಒಂದ ಪೈಪ್ ಇಬ್ಬರಿಗಿ ಪಾಳಿ ಮ್ಯಾಲ ಹಚ್ಚಾಕತ್ತಾರ್ರಿ ಅಕ್ಕಾರ" ಎಂದಳು. "ಬಾಜೂದವ್ರಿಗಿ ಹಚ್ಚಿದಾಗ ಇವ್ರು ನನ್ನ ಕೈ ಹಿಡದು ಬಿಡಂಗಿಲ್ಲ. ಮಷಿನ್ ಸಿಕ್ರ ಮನಿಗಿ ಕಳಸ್ತೀವಿ ಅಂದಾರ. ನಮ್ಮ ಖೋಲಿಯೊಳಗ ಕರೆಂಟ್ ಅದರಿ."

ಅತ್ತಿಗೆ ಒಳಗಿನಿಂದ ಕೆಮ್ಮಿದರು. ಆ ಕೆಮ್ಮು ಯಾಕೆಂದು ನನಗೆ ಗೊತ್ತಿತ್ತು. ಮಷಿನ್ ಇದ್ದದ್ದು ನಾನು ನಿಂತಲ್ಲಿಂದ ಕೂಗಳತೆಯಷ್ಟೂ ದೂರವಲ್ಲ, ಗೋಡೆಯ ಆಚೆಗೇ. ತಳ್ಳಿಕೊಂಡು ಬರಲು ಅದಕ್ಕೆ ಗಾಲಿಯೂ ಇತ್ತು. ನಾನು "ಮನೆಯಲ್ಲಿ ಸೂತಕ" ಎಂದೆ.

ಬೈದಿದ್ದರೆ ಚೆನ್ನಾಗಿತ್ತು. ಆಕೆ ಎರಡು ಹೆಜ್ಜೆ ಹಿಂದೆ ಸರಿದು ಸೆರಗು ಹೊದ್ದುಕೊಂಡಳು. "ಗೊತ್ತಿರ್ಲಿಲ್ರಿ. ಸೂತಕದಾಗ ನೀವರ ಹೆಂಗ ಕೊಡ್ತೀರಿ. ಮುಗದ ಮ್ಯಾಲ ಒಯ್ತೀನಿ" ಎಂದಳು. ಅತ್ತೆಗೆ ಎಷ್ಟು ವಯಸ್ಸಾಗಿತ್ತು, ಕೊನೆಗೆ ತ್ರಾಸು ಆಯಿತೇ ಎಂದು ವಿಚಾರಿಸಿದಳು. ನನಗೇ ಸಮಾಧಾನ ಹೇಳಿ, ತನ್ನ ಖೋಲಿ ಎಲ್ಲಿದೆಯೆಂದು ಗುರುತು ಹೇಳಿ ಹೋದಳು.

ಅದರ ಮಾರನೆಯ ದಿನ ಗ್ಯಾಸಿನವನು ಬಂದ. ಖಾಲಿ ಸಿಲಿಂಡರನ್ನು ಹೆಗಲ ಮೇಲೆ ಹೊತ್ತು, ಅತ್ತಿಗೆಯ ಎದುರಿಗೇ ಹೊರಗೆ ನಡೆದ. ಅತ್ತಿಗೆ ಅಕ್ಕಿ ಆರಿಸುತ್ತಿದ್ದರು, ತಲೆ ಎತ್ತಲಿಲ್ಲ. ಒಂದು ಸಾಮಾನೂ ಹೊರಗೆ ಹೋಗಬಾರದು ಎಂದವರಿಗೆ ಇದು ಸಾಮಾನು ಅಲ್ಲವೇ ಎಂದು ಕೇಳಬೇಕಿತ್ತು. ಬೊಜ್ಜಕ್ಕೆ ನೆಂಟರು ಬರುವ ಹೊತ್ತಿನಲ್ಲಿ ರಾಮಾಯಣ ಯಾಕೆ ಎಂದು ಸುಮ್ಮನಾದೆ. ಟೊಮೆಟೊಗೆ ಜಗಳ ಆಡುವವಳು ನಾನು.

ಎಲ್ಲವನ್ನೂ ಅತ್ತಿಗೆಯ ತಲೆಗೆ ಕಟ್ಟಿದರೆ ಅದೂ ಸುಳ್ಳೇ. ಒಂದು ಮಧ್ಯಾಹ್ನ ಅವರು ಮಲಗಿದ್ದಾಗ ನಾನು ಆ ಕೋಣೆಗೆ ಹೋದೆ. ಅತ್ತೆಯ ಮಂಚ ಬೋಳಾಗಿತ್ತು. ಮನೆಯಲ್ಲಿ ಆ ಸದ್ದಿಲ್ಲದೆ ನನಗೆ ಹುಚ್ಚು ಹಿಡಿದ ಹಾಗಾಗಿತ್ತು. ಪ್ಲಗ್ ಹಾಕಿ ಸ್ವಿಚ್ ಒತ್ತಿದೆ. ಗುರ್ ಎಂದಿತು. ಮಂಚದ ಅಂಚಿನಲ್ಲಿ ಕೂತು ಮನಸಾರೆ ಅತ್ತುಬಿಟ್ಟೆ. ಅಲ್ಲಿ ಒಬ್ಬ ಮನುಷ್ಯ ತನ್ನ ಪಾಳಿಗೆ ಕಾಯುತ್ತಿದ್ದ, ಇಲ್ಲಿ ಯಾರ ಮೂಗಿಗೂ ಅಲ್ಲದ ಆಕ್ಸಿಜನ್ ಖಾಲಿ ಕೋಣೆಗೆ ಹೋಗುತ್ತಿತ್ತು. ನೆನೆದರೆ ನನ್ನ ಮೇಲೆ ನನಗೇ ಅಸಹ್ಯವಾಗುತ್ತದೆ. ಮಷಿನ್ ಹೋದರೆ ಅತ್ತೆ ಪೂರ್ತಿ ಹೋದಂತೆ ಎಂಬ ಒಂದು ಆಸೆಬುರುಕತನ ನನ್ನಲ್ಲೇ ಇತ್ತು. ಸೂತಕ ಅದಕ್ಕೆ ಒಳ್ಳೆಯ ಹೆಸರು ಕೊಟ್ಟಿತು, ಅಷ್ಟೇ.

ಬೊಜ್ಜ ಮುಗಿದ ಮರುದಿನ ಬೆಳಿಗ್ಗೆ ಕಾಫಿ ಕೂಡ ಕುಡಿಯದೆ ಹೊರಟೆ. ಮೆಡಿಕಲ್ ಶಾಪಿನಲ್ಲಿ ಹೊಸ ಮೂಗಿನ ಪೈಪ್ ತೆಗೆದುಕೊಂಡೆ. ಮಷಿನನ್ನು ಟ್ಯಾಕ್ಸಿಯ ಹಿಂದಿನ ಸೀಟಿನಲ್ಲಿ ಕೂರಿಸಿ, ಬೀಳದ ಹಾಗೆ ಪವಾಯಿಯವರೆಗೂ ತಬ್ಬಿ ಹಿಡಿದಿದ್ದೆ. ಕೊಡುವಾಗ ಏನು ಹೇಳಬೇಕು, ಹೇಗೆ ಕ್ಷಮೆ ಕೇಳಬೇಕು ಎಂದು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡೆ.

ಆಕೆ ಹೇಳಿದ್ದ ಗುರುತಿನಲ್ಲೇ ಖೋಲಿ ಸಿಕ್ಕಿತು. ತಗಡಿನ ಬಾಗಿಲು ಅರ್ಧ ತೆರೆದಿತ್ತು. ಒಳಗೆ ಗೋಡೆಗೆ ಹೊಸದಾಗಿ ಹಾಕಿಸಿದ್ದ ಪ್ಲಗ್ಗಿನ ಬೋರ್ಡು, ಅದರ ಕೆಳಗೆ ಮಷಿನ್ ಇಡಲೆಂದು ಮಾಡಿದ ಜಾಗ. ನಾನು ಹೊಸ್ತಿಲಿನ ಮೇಲೆ ಕಾಲಿಡುವಷ್ಟರಲ್ಲಿ ಒಳಗಿನಿಂದ ಆಕೆ ಎದ್ದು, ಅಂಗೈ ಮುಂದೆ ಮಾಡಿ ನನ್ನನ್ನು ತಡೆದಳು.

"ಅಲ್ಲೇ ನಿಂದರ್ರಿ ಅಕ್ಕಾರ, ಒಳಗ ಬರಬ್ಯಾಡ್ರಿ" ಎಂದಳು. "ನೀವು ಈಗಷ್ಟ ಸೂತಕ ಕಳಕೊಂಡು ಬಂದೀರಿ. ನಮ್ಮ ಮನ್ಯಾಗ ಮೊನ್ನಿಂದ ಸೂತಕ ಹತ್ತೇದ."

ಆಕೆ ಹೇಳಿದ ಹಾಗೆ, ಮಷಿನ್ ಹಿಡಿದುಕೊಂಡು ಹೊರಗೇ ನಿಂತೆ.