ಎಂಟು ಗಂಟೆಯ ಚೀಟಿ

ಒಲೆಯ ಮೇಲಿನ ಅಗಲ ಹೆಂಚಿಗೆ ವುಬಿತ್ ಹುಳಿಹಿಟ್ಟು ಹುಯ್ಯುತ್ತಿದ್ದಾಳೆ. ಅಂಚಿನಿಂದ ಶುರುಮಾಡಿ ನಡುವಿನವರೆಗೆ, ಕೈ ಎತ್ತದೆ, ಸುತ್ತಿನ ಮೇಲೆ ಸುತ್ತು. ನಡುವೆ ಇನ್ನೆರಡು ಬೆರಳಗಲ ಉಳಿದಿರುವಾಗ ಫೋನು ಬಡಿದುಕೊಳ್ಳುತ್ತದೆ. ಆರೋಗ್ಯ ಕೇಂದ್ರದ ಗುಮಾಸ್ತ ಗಿರ್ಮಾ.

"ಬೇಗ ಬಾ ತಾಯಿ. ನಿನ್ನ ಯಂತ್ರ ಊರವರಿಗೆಲ್ಲ ಗೆಬ್ರೆ ಅಂತ ಒಂದೇ ಹೆಸರಿಟ್ಟು ಕೂರಿಸಿದೆ."

ಇಂಜೆರಾ ರೊಟ್ಟಿ ನಡುವೆ ತೂತು ಇಟ್ಟುಕೊಂಡೇ ಬೇಯುತ್ತದೆ. ಅವಳ ಕೆಲಸದ ಬಗ್ಗೆ ಬರೆಯಲೆಂದು ಬೆಳಿಗ್ಗೆಯೇ ಬಂದು ಕೂತ ಪಕ್ಕದ ಮನೆಯ ನನ್ನ ಕೈಗೆ ವುಬಿತ್ ಸೌಟು ಕೊಟ್ಟು, ಹಳೆಯ ಲ್ಯಾಪ್‌ಟಾಪನ್ನು ಶಾಲಿನೊಳಗೆ ಸುತ್ತಿಕೊಂಡು, ಬಾಗಿಲ ಪಕ್ಕ ಕೂತ ತನ್ನ ಅಮ್ಮನಿಗೆ ಹೇಳುತ್ತಾಳೆ: "ನಿಮ್ಮ ಸರದಿ ಎರಡು ಗಂಟೆಗೆ. ಇನ್ನೂ ಹೊತ್ತಿದೆ. ಬಂದು ಕರ್ಕೊಂಡು ಹೋಗ್ತೀನಿ."

ಬೆಝುನೆಶ್ ಅಜ್ಜಿ ತಲೆಯಾಡಿಸುತ್ತಾರೆ. ಆದರೆ ಅವರು ಕತ್ತಲಿರುವಾಗಲೇ ಬೂಟು ಹಾಕಿ, ಬಿಳಿ ಶಾಲು ಹೊದ್ದು, ಆ ಮಣೆಯ ಮೇಲೆ ಕೂತಾಗಿದೆ.

ಕಣ್ಣಿನ ವೈದ್ಯರು ನಮ್ಮ ದೆಬ್ರೆ ಬಿರ್ಹಾನ್ ಊರಿಗೆ ಹೊರಗಿನಿಂದ ಎರಡು ವರ್ಷಕ್ಕೊಮ್ಮೆ ಬರುತ್ತಾರೆ, ಒಂದೇ ದಿನ ಇರುತ್ತಾರೆ. ಕಳೆದ ಸಲ ಅಜ್ಜಿ ಹೋಗುವ ಹೊತ್ತಿಗೆ ಅವರು ಪೆಟ್ಟಿಗೆ ಕಟ್ಟಿ ಹೊರಟುಹೋಗಿದ್ದರು. ಆಮೇಲೆ ಪೊರೆ ಹಣ್ಣಾಗಿ ಎಡಗಣ್ಣು ಹೋಯಿತು. ಬಲಗಣ್ಣಿಗೆ ಈಗ ಕಿಟಕಿ ಎಲ್ಲಿದೆ ಎನ್ನುವಷ್ಟು ಬೆಳಕು ಮಾತ್ರ. ಇವತ್ತು ತಪ್ಪಿದರೆ ಅದೂ ಇಲ್ಲ.

ಅವತ್ತು ಯಾಕೆ ತಡವಾಯಿತು ಎಂದರೆ ಅಜ್ಜಿ ಒಂದೇ ಮಾತು ಹೇಳುತ್ತಾರೆ. ಚರ್ಚಿನಿಂದ ಬಂದು ಕೂತೆ, ಕಣ್ಣು ಹತ್ತಿತು. ನಮ್ಮ ಅಂಗಳದ ಎಲ್ಲರಿಗೂ ಈ ಮಾತು ಬಾಯಿಪಾಠ.

ವುಬಿತ್ ಮಾಡುವ ಕೆಲಸ ಏನೆಂದು ಅಂಗಳದಲ್ಲಿ ಯಾರಿಗೂ ಸರಿಯಾಗಿ ಗೊತ್ತಿಲ್ಲ. 'ಚೀಟಿ ವುಬಿತ್' ಎಂದು ಕರೆಯುತ್ತಾರೆ, ಅಷ್ಟೇ. ಬಸ್ ನಿಲ್ದಾಣದ ಟಿಕೆಟ್, ಬೇಕರಿಯ ರಸೀದಿ, ಆರೋಗ್ಯ ಕೇಂದ್ರದ ಸರದಿ ಚೀಟಿ, ಎಲ್ಲವೂ ಅಂಗೈಯಗಲದ ಪುಟ್ಟ ಯಂತ್ರಗಳಿಂದ ಹೊರಬರುತ್ತವೆ. ಅವುಗಳಲ್ಲಿ ಶಾಯಿ ಇಲ್ಲ. ಕಾಗದವನ್ನು ಬಿಸಿ ಮುಟ್ಟಿದಲ್ಲಿ ಕಪ್ಪಾಗುತ್ತದೆ. ಎಲ್ಲಿ ಮುಟ್ಟಬೇಕು, ಎಲ್ಲಿ ಕತ್ತರಿಸಬೇಕು ಎಂದು ಯಂತ್ರಕ್ಕೆ ಹೇಳಿಕೊಡುವವಳು ವುಬಿತ್. ದಿನಕ್ಕೆ ಸುಮಾರು ಎರಡೂವರೆ ಸಾವಿರ ಚೀಟಿ ಅವಳ ಮಾತು ಕೇಳಿ ಹೊರಬರುತ್ತದೆ. ಹೆಚ್ಚಿನವು ಸಂಜೆಯೊಳಗೆ ಚರಂಡಿ ಸೇರುತ್ತವೆ.

ಯಂತ್ರದೊಡನೆ ಮಾತಾಡುವ ಭಾಷೆಯನ್ನು ಅವಳು ಒಬ್ಬಳೇ ಹುಟ್ಟಿಸಿದ್ದಲ್ಲ. ಎಲ್ಲೋ ಯಾರೋ ಬರೆದು ಎಲ್ಲರಿಗೂ ಬಿಟ್ಟುಕೊಟ್ಟ ಆಜ್ಞೆಗಳ ಕಟ್ಟೊಂದಿದೆ. ಅದನ್ನು ಲೈಬ್ರರಿ ಎನ್ನುತ್ತಾರೆ. 'ಬರೆ' ಎಂದರೆ ಬರೆಯುತ್ತದೆ, 'ಕತ್ತರಿಸು' ಎಂದರೆ ಕತ್ತರಿಸುತ್ತದೆ. ತೊಂದರೆ ಒಂದೇ. ಯಂತ್ರಕ್ಕೆ ನಮ್ಮ ಅಮ್ಹಾರಿಕ್ ಅಕ್ಷರ ಗೊತ್ತಿಲ್ಲ. ಮೊದಲು ಎಲ್ಲ ಹೆಸರೂ ಬರೀ ಪ್ರಶ್ನೆ ಚಿಹ್ನೆಗಳಾಗಿ ಬರುತ್ತಿದ್ದವು. 'ಐದು ಪ್ರಶ್ನೆ ಚಿಹ್ನೆ ಒಳಗೆ ಬನ್ನಿ' ಎಂದು ಕಾವಲುಗಾರ ಕೂಗಿ ನಗಿಸುತ್ತಿದ್ದನಂತೆ. ವುಬಿತ್ ಪ್ರತಿ ಹೆಸರನ್ನೂ ಚಿತ್ರವಾಗಿ ಬಿಡಿಸಿ ಕಳಿಸುವ ದಾರಿ ಕಂಡುಕೊಂಡಳು. ಯಂತ್ರಕ್ಕೆ ಅದು ಅಕ್ಷರವಲ್ಲ, ಚುಕ್ಕಿಗಳ ರಂಗೋಲಿ. ಎಲ್ಲ ಚೀಟಿಯ ಕೊನೆಯಲ್ಲೂ ಅವಳ ಗುರುತಿಗೆ ಒಂದು ಪುಟ್ಟ ಕಾಫಿ ಹೂಜಿಯ ಚಿತ್ರ ಇರುತ್ತದೆ.

"ಮೊದಲನೇ ಸಲ ಅಮ್ಮನ ಹೆಸರು ನಮ್ಮ ಅಕ್ಷರದಲ್ಲಿ ಬಂದಾಗ ಒಬ್ಬಳೇ ನಕ್ಕೆ. ಯಾರಿಗೆ ತೋರಿಸೋದು? ಕಾಗದದ ಮೇಲೆ ಹೆಸರು ಬಂದಿದೆ, ಅದರಲ್ಲೇನಿದೆ ಅಂತಾರೆ" ಎನ್ನುತ್ತಾಳೆ ವುಬಿತ್. ಅವಳ ಮಗಳು ಹೆರ್ಮೆಲಾಳ ಅಪ್ಪ ಬಂದರಿನ ದಾರಿಯಲ್ಲಿ ಲಾರಿ ಓಡಿಸುತ್ತಾನೆ. ಅವನ ಫೋನು ಬಂದು ನಾಲ್ಕು ವರ್ಷವಾಯಿತು. ಲೈಬ್ರರಿ ಬರೆದವರು ಸಾಲುಗಳ ನಡುವೆ ಅಲ್ಲಲ್ಲಿ ಟಿಪ್ಪಣಿ ಬಿಟ್ಟಿದ್ದಾರೆ. 'ಇಲ್ಲಿ ಜೋಪಾನ, ಕೆಲವು ಯಂತ್ರಗಳು ಕಾಗದ ಮುಗಿದರೂ ಇದೆ ಎನ್ನುತ್ತವೆ' ಎಂಬಂಥವು. ಕೆಲಸವಿಲ್ಲದಾಗಲೂ ಅವನ್ನು ಓದುತ್ತೇನೆ, ಊರಿನಿಂದ ಬಂದ ಕಾಗದದ ಹಾಗೆ ಎಂದು ಅವಳು ಒಮ್ಮೆ ಹೇಳಿದ್ದಳು. ಒಂದು ಸಲ ಅವರಿಗೆ ಬರೆದಳಂತೆ. ಉತ್ತರ ಬರಲಿಲ್ಲ.

ನಾನು ಉಳಿದ ಹಿಟ್ಟು ಹುಯ್ದು ಒಲೆ ಆರಿಸುವಷ್ಟರಲ್ಲಿ ಅಜ್ಜಿ ಎದ್ದು ನಿಂತಿದ್ದಾರೆ. "ಎರಡು ಗಂಟೆ ಅಂದ್ರೆ ಈಗಲೇ ಹೋಗಿ ಕೂತರೆ ತಪ್ಪೇನಮ್ಮ?" ಅಜ್ಜಿ ಹೋದಲ್ಲೆಲ್ಲ ಅವರ ತಗಡಿನ ಡಬ್ಬಿಯೂ ಹೋಗಬೇಕು. ಒಂಬತ್ತು ವರ್ಷದ ಹೆರ್ಮೆಲಾ ಅದನ್ನು ಎತ್ತಿಕೊಳ್ಳುತ್ತಾಳೆ. ಮೂವರೂ ಹೊರಡುತ್ತೇವೆ. ಹುಲ್ಲಿನ ಮೇಲೆ ಇಬ್ಬನಿ ಇನ್ನೂ ಗಟ್ಟಿಯಾಗಿದೆ.

ಕೇಂದ್ರದ ಅಂಗಳದಲ್ಲಿ ಗಿರ್ಮಾ 'ಗೆಬ್ರೆ' ಎಂದು ಕೂಗುತ್ತಾನೆ. ಹನ್ನೊಂದು ಮುದುಕರು ಒಟ್ಟಿಗೆ ಏಳುತ್ತಾರೆ. ಗೆಬ್ರೆಮರಿಯಂ, ಗೆಬ್ರೆಹಿವೊಟ್, ಗೆಬ್ರೆಮೆಸ್ಕೆಲ್, ಎಲ್ಲರ ಹೆಸರಿನ ಬಾಲವೂ ಚೀಟಿಯಿಂದ ಹೊರಗೆ ಬಿದ್ದುಹೋಗಿದೆ. ಒಬ್ಬ ಮುದುಕ ಪಕ್ಕದವನಿಗೆ ಹೇಳುತ್ತಿದ್ದಾನೆ: "ನಮ್ಮಪ್ಪ ಪೂರಾ ಹೆಸರಿಟ್ಟಿದ್ದ. ಇವರು ಅರ್ಧ ತಿಂದ್ರು."

ವುಬಿತ್ ಯಂತ್ರವನ್ನು ತಿರುಗಿಸಿ ನೋಡುತ್ತಾಳೆ. ಹಳೆಯದು ಕೆಟ್ಟಿತೆಂದು ನಿನ್ನೆ ಯಾರೋ ಬೇರೆ ಯಂತ್ರ ತಂದಿಟ್ಟಿದ್ದಾರೆ. ಇದರ ಕಾಗದ ಕಿರಿದು. ಐನೂರ ಎಪ್ಪತ್ತಾರು ಚುಕ್ಕಿಗಳ ಹೆಸರನ್ನು ಮುನ್ನೂರ ಎಂಬತ್ತನಾಲ್ಕು ಚುಕ್ಕಿಗಳ ಕಾಗದಕ್ಕೆ ತುರುಕಿದರೆ ಉಳಿದದ್ದು ಗಾಳಿಗೆ. ಅವಳು ಅಂಕಿ ತಿದ್ದುತ್ತಾಳೆ, ಉದ್ದದ ಹೆಸರು ಎರಡು ಸಾಲಾಗುವಂತೆ ಬರೆಯುತ್ತಾಳೆ. ಯಂತ್ರ ಕಿರ್ರೆಂದು ಚೀಟಿ ಉಗುಳುತ್ತದೆ. ಗಿರ್ಮಾ ಈಗ ಪೂರ್ತಿ ಹೆಸರು ಕೂಗುತ್ತಾನೆ. ಒಬ್ಬನೇ ಏಳುತ್ತಾನೆ. ಅವಳ ಕಡೆಗೆ ಯಾರೂ ನೋಡುವುದಿಲ್ಲ.

ಗೋಡೆಗೆ ಒರಗಿ, ದನಿ ತಗ್ಗಿಸಿ, ಅವಳು ಕಳೆದ ಸಲದ ಮಾತು ತೆಗೆಯುತ್ತಾಳೆ. ನಮ್ಮಲ್ಲಿ ಗಂಟೆ ಎಣಿಸುವುದು ಸೂರ್ಯ ಹುಟ್ಟಿದ ಹೊತ್ತಿನಿಂದ. ಬೆಳಗಿನ ಎರಡು ಗಂಟೆ ಎಂದರೆ ಕಂಪ್ಯೂಟರಿಗೆ ಎಂಟು. ಚೀಟಿಗೆ ಹೋಗುವ ಮೊದಲು ಆರು ಕಳೆಯಬೇಕು.

"ನಾನು ಕಳೆಯೋದು ಮರೆತಿದ್ದೆ. ನಲವತ್ತು ಚೀಟಿಯಲ್ಲಿ ಎಂಟು ಅಂತ ಬಿದ್ದಿತ್ತು. ಎಂಟು ಅಂದ್ರೆ ನಮಗೆ ಊಟ ಆದ ಮೇಲಿನ ಹೊತ್ತು. ಮೂವತ್ತೊಂಬತ್ತು ಜನ ಚೀಟಿ ನಂಬಲೇ ಇಲ್ಲ, ಬೆಳಕಾಗೋ ಮೊದಲೇ ಬಂದು ಕೂತಿದ್ರು. ಒಬ್ಬರು ಮಾತ್ರ ಆಗ ಬರಲಿಲ್ಲ."

ಅವತ್ತು ಅವಳು ರಾಜಧಾನಿ ಆದಿಸ್‌ನಲ್ಲಿ ಬಸ್ಸಿನವರ ಯಂತ್ರ ಕೂರಿಸುತ್ತಿದ್ದಳು. ತಪ್ಪು ತಿಳಿದದ್ದು ಮೂರನೆಯ ದಿನ. ಅಮ್ಮನನ್ನು ಕೇಳಿದೆಯಾ ಎನ್ನುತ್ತೇನೆ.

"ನಿದ್ದೆ ಬಂತು ಅಂದ್ರು. ನಂಬಿದೆ. ನಂಬೋದು ಸುಲಭ ಇತ್ತು." ಲ್ಯಾಪ್‌ಟಾಪ್ ಮುಚ್ಚಿ ಹೇಳುತ್ತಾಳೆ: "ಇದನ್ನೂ ಬರೀರಿ. ಈಗ ಚೀಟಿಯಲ್ಲಿ ಗಂಟೆ ಪಕ್ಕ ಸೂರ್ಯನ ಚಿತ್ರ ಹಾಕ್ತೀನಿ. ಬೆಳಿಗ್ಗೆ ಆದ್ರೆ ಬೆಟ್ಟದ ಅಂಚಲ್ಲಿ, ಮಧ್ಯಾಹ್ನ ಆದ್ರೆ ನೆತ್ತಿ ಮೇಲೆ. ಚೀಟಿ ನಂಬಿ ಬಂದವರಿಗೆ ಬಾಗಿಲು ತೆರೆದಿರಬೇಕು. ನಂಗೆ ಬೇರೇನೂ ಬೇಡ."

'ಬೆಝುನೆಶ್ ಗೆಬ್ರೆಮೆಸ್ಕೆಲ್' ಎಂದು ಗಿರ್ಮಾ ಕೂಗಿದಾಗ ಸರಿಯಾಗಿ ಎರಡು ಗಂಟೆ. ವೈದ್ಯರು ಬಲಗಣ್ಣಿಗೆ ದೀಪ ಹಿಡಿದು ನೋಡುತ್ತಾರೆ. ಉಳಿಸಬಹುದು, ಇವತ್ತೇ ಪೊರೆ ತೆಗೆಯುತ್ತೇವೆ, ಮಧ್ಯಾಹ್ನ ಏಳು ಗಂಟೆಗೆ ಬನ್ನಿ ಎನ್ನುತ್ತಾರೆ. ಅಜ್ಜಿ ಮೂರು ಸಲ ಶಿಲುಬೆ ಗುರುತು ಮಾಡಿಕೊಳ್ಳುತ್ತಾರೆ. ಯಂತ್ರ ಹೊಸ ಚೀಟಿ ಕೊಡುತ್ತದೆ: ಏಳು ಗಂಟೆ, ನೆತ್ತಿ ದಾಟಿದ ಸೂರ್ಯ, ಕೆಳಗೆ ಕಾಫಿ ಹೂಜಿ.

"ಏಳಕ್ಕೆ ಅಮ್ಮ. ಮನೆಗೆ ಹೋಗಿ ಸ್ವಲ್ಪ ಮಲಗಿ ಬರಬಹುದು" ಎನ್ನುತ್ತಾಳೆ ವುಬಿತ್.

"ಇಲ್ಲೇ ಇರ್ತೀನಿ ಮಗಳೇ. ಬಿಸಿಲು ಚೆನ್ನಾಗಿದೆ" ಎಂದು ಅಜ್ಜಿ ಬೆಂಚನ್ನು ತಡವಿ ಕೂರುತ್ತಾರೆ.

ಹೊಸ ಚೀಟಿ ಇಡಲು ಹೆರ್ಮೆಲಾ ಡಬ್ಬಿಯ ಮುಚ್ಚಳ ತೆಗೆಯುತ್ತಾಳೆ. ಒಳಗೆ ಜಪಮಾಲೆ, ತೀರಿಹೋದ ತಾತನ ಫೋಟೋ, ನಾಲ್ಕಾಗಿ ಮಡಿಸಿದ ಒಂದು ಹಳೆಯ ಚೀಟಿ. ಬಿಸಿಲು ಕಂಡ ಚೀಟಿಗಳು ತಿಂಗಳೊಳಗೆ ಬಿಳುಚಿಹೋಗುತ್ತವೆ. ಇದು ಎರಡು ವರ್ಷ ಕತ್ತಲಲ್ಲಿ ಇದ್ದದ್ದು, ಅಕ್ಷರ ಇನ್ನೂ ಉಳಿದಿದೆ. ಅಜ್ಜಿಯ ಹೆಸರು. 8:00. ಕೆಳಗೆ ಅದೇ ಹೂಜಿ, ಸೂರ್ಯ ಮಾತ್ರ ಇಲ್ಲ.

ಮಗು ಎರಡೂ ಚೀಟಿಗಳನ್ನು ಮೊಣಕಾಲ ಮೇಲೆ ಪಕ್ಕಪಕ್ಕ ಹರಡುತ್ತದೆ. ಅಮ್ಮನ ಮುಖ ನೋಡುತ್ತದೆ, ಅಜ್ಜಿಯ ಮುಖ ನೋಡುತ್ತದೆ. ವುಬಿತ್ ಹಳೆಯ ಚೀಟಿಯತ್ತ ಕೈ ಚಾಚಿದವಳು ಹಾಗೇ ನಿಂತಿದ್ದಾಳೆ.

"ಅಜ್ಜೀ, ಅವತ್ತು ನಿಂಗೆ ನಿದ್ದೆ ಬಂದಿರಲಿಲ್ಲ, ಅಲ್ವಾ?"