ಏರಿಯ ಮೇಲಿನ ಮೊದಲನೆಯ ಕಲ್ಲು

ಯುದ್ಧ ನಡೆಯುತ್ತಿದ್ದ ಆ ವರ್ಷಗಳಲ್ಲಿ ನಮ್ಮೂರಲ್ಲಿ ಬದುಕಿದ್ದವರಿಗೆ ಹೊಟ್ಟೆ ತುಂಬುತ್ತಿರಲಿಲ್ಲ. ಆದರೂ ಪಿತೃಪಕ್ಷದ ಅಮಾವಾಸ್ಯೆಗೆ ಸತ್ತವರಿಗೆ ಮಾತ್ರ ಕೊರತೆ ಮಾಡುತ್ತಿರಲಿಲ್ಲ. ಕಜ್ಜಾಯಕ್ಕೆ ಬೆಲ್ಲ ಪಾಕಕ್ಕೆ ಬರುವ ವಾಸನೆ ಬೀದಿಗೆಲ್ಲ ಹರಡುತ್ತಿತ್ತು. ಮಕ್ಕಳು ಕಾಯಬೇಕು. ಎಡೆ ಇಟ್ಟು, ಅದನ್ನು ಕಾಗೆ ಮುಟ್ಟಿದ ಮೇಲೆಯೇ ನಮ್ಮ ಬಾಯಿಗೆ.

ನಮ್ಮೂರು ಮಾಕಳಿದುರ್ಗದ ಬೆಟ್ಟದ ಈಚೆಗಿದೆ. ನನಗೆ ಐದು ವರ್ಷವಿದ್ದಾಗ ಜೋರು ಮಳೆಗೆ ಕೆರೆಯ ಏರಿ ಒಡೆಯಿತು. ಕಲ್ಲು ಮಣ್ಣು ಒಡ್ಡಲು ಹೋದ ನಾಲ್ವರು ನೀರಿನ ಜೊತೆಗೇ ಹೋದರು. ಮೂವರ ಹೆಣ ಸಿಕ್ಕಿತು. ಸಿಗದವನು ನಮ್ಮಪ್ಪ. ಏರಿಯನ್ನು ಮತ್ತೆ ಕಟ್ಟಿದ ಮೇಲೆ ಊರವರು ಅಲ್ಲಿ ನಾಲ್ಕು ಕಲ್ಲು ನೆಟ್ಟರು. ಹೆಸರು ಕೆತ್ತಿಸಲಿಲ್ಲ, ಓದುವವರು ಯಾರಿದ್ದರು? ತೂಬಿನ ಕಡೆಯಿಂದ ಮೊದಲನೆಯದು ಅಪ್ಪನದು. ಕೊನೆಯದು ಕಲ್ಲು ಒಡೆಯಲು ತಮಿಳು ಸೀಮೆಯಿಂದ ಬಂದಿದ್ದವನದು. ಅವನಿಗೆ ಹಿಂದೆ ಮುಂದೆ ಯಾರೂ ಇರಲಿಲ್ಲ. ಹಾಗಾಗಿ ಎಡೆಯೂ ಇಲ್ಲ.

ಅವ್ವ ಕುಂಕುಮ ಅಳಿಸಲಿಲ್ಲ. ಹಿಂದೂಪುರದ ಸಂತೆಯಲ್ಲಿ ಅಪ್ಪನಂಥವನನ್ನು ಕಂಡೆನೆಂದು ಯಾರೋ ಹೇಳಿದ್ದರು, ಅಷ್ಟನ್ನೇ ಹಿಡಿದುಕೊಂಡಿದ್ದಳು. ಮೂರು ವರ್ಷ ಎಡೆ ಇಡಲು ಬಿಡಲಿಲ್ಲ. ನಾಲ್ಕನೆಯ ಹಬ್ಬಕ್ಕೆ ಅಪ್ಪನ ತಾಯಿ, ನಮ್ಮಜ್ಜಿ, ಹಟ ಹಿಡಿದಳು.

"ನನ್ ಮಗ ಹಸ್ಕೊಂಡವ್ನೆ ಕಣೇ. ನಿಂಗೇನು, ಹಣೆಗೆ ಇಟ್ಕೊಂಡು ತಿರುಗ್ತೀಯ!"

"ಬದುಕಿರೋರಿಗೆ ಎಡೆ ಇಕ್ಕಿದ್ರೆ ಆಯಸ್ಸು ತೀರೋಯ್ತದೆ ಅತ್ತೆ. ಹೆತ್ತ ಮಗನ್ನ ನೀವೇ ಕೊಲ್ತೀರಾ?"

"ಥೂ, ಬಿಡ್ತು ಅನ್ನೇ!"

ಅಜ್ಜಿಗೆ ಕಣ್ಣಿಗೆ ಪೊರೆ ಬಂದು ಬರೀ ಬೆಳಕು ಕಾಣುತ್ತಿತ್ತು. ತಡಕಾಡಿಕೊಂಡೇ ರೊಟ್ಟಿ ತಟ್ಟಿ, ಹುಚ್ಚೆಳ್ಳು ಚಟ್ನಿ ಅರೆದು, ಬೆಳಗಾಗುತ್ತಲೇ ನನ್ನ ಕೈ ಹಿಡಿದು ಹೊರಟಳು. ಆ ಕಲ್ಲನ್ನು ಅವಳು ಒಮ್ಮೆಯೂ ಮುಟ್ಟಿರಲಿಲ್ಲ.

ಕೆರೆಯ ಮೇಲೆ ಮಂಜು ಮಲಗಿತ್ತು. ಬೆಟ್ಟಕ್ಕೆ ಬುಡವೇ ಇರಲಿಲ್ಲ, ತಲೆಯೊಂದು ತೇಲುತ್ತಿತ್ತು. ಹುಚ್ಚೆಳ್ಳಿನ ಹಳದಿ ಹೂವೂ ಮಂಜಿನೊಳಗೆ ನೆನೆದು ಮಸಕಾಗಿತ್ತು. ಹಿಂದೂಪುರದ ಕಡೆಯಿಂದ ರೈಲು ಕೂಗಿತು. ಅಪ್ಪ ಅದರಲ್ಲೇ ಇದ್ದಾನೆ, ಕಿಟಕಿಯ ಪಕ್ಕ ಕುಳಿತಿದ್ದಾನೆ ಅನ್ನಿಸಿತು. ಈಗ ಎಡೆ ಇಟ್ಟರೆ ಕುಳಿತಲ್ಲೇ ಒರಗಿಬಿಡುತ್ತಾನೆ. ನಾನು ಮೊದಲನೆಯ ಕಲ್ಲಿನ ಹತ್ತಿರ ನಿಲ್ಲಲಿಲ್ಲ. ಎರಡು, ಮೂರು ದಾಟಿ ಅಜ್ಜಿಯನ್ನು ಕೊನೆಯದರ ಮುಂದೆ ಕೂರಿಸಿದೆ.

ಹಿಂದಿನಿಂದ ತನ್ನ ಗಂಡನ ಎಡೆ ಹೊತ್ತು ಪಕ್ಕದ ಮನೆಯ ಮುನಿತಾಯಮ್ಮ ಬಂದಳು. "ಇದೇನೇ ಇಲ್ಲಿ..." ಎನ್ನುತ್ತಿದ್ದಂತೆ ನಾನು ಅವಳ ಸೆರಗು ಹಿಡಿದು ಬೇಡವೆಂದು ತಲೆಯಾಡಿಸಿದೆ.

"ಮುನಿತಾಯೀ, ನನ್ ಮಗನ್ದು ಇದೇ ತಾನೇ?" ಎಂದಳು ಅಜ್ಜಿ.

ಮುನಿತಾಯಮ್ಮ ನನ್ನ ಮುಖವನ್ನೇ ನೋಡಿದಳು. "ಇಕ್ಕಜ್ಜಿ, ಕಾಗೆ ಕಾಯ್ತಾ ಕುಂತವೆ," ಎಂದಳು.

ಅಜ್ಜಿ ಎಡೆ ಬಡಿಸಿ, ಎಣ್ಣೆ ಹಚ್ಚುವವಳಂತೆ ಕಲ್ಲಿನ ನೆತ್ತಿ ಸವರಿದಳು. "ಖಾರ ಜಾಸ್ತಿ ಹಾಕಿವ್ನಿ ಕಣೋ ಮಗಾ. ನಿನ್ನೆಂಡ್ರ ಕೈ ಸಪ್ಪೆ." ಕಾಗೆ ಇಳಿಯಿತು.

"ಮುಟ್ತೇನೇ?"

"ಮುಟ್ತು ಅಜ್ಜಿ."

ಬೊಚ್ಚುಬಾಯಿ ತೆರೆದು ನಕ್ಕಳು. ಆಮೇಲೆ ಅತ್ತಳು. ಆಮೇಲೆ ನನಗೆ ಕಜ್ಜಾಯ ಕೊಟ್ಟಳು, ತಿಂದೆ. ಚೆನ್ನಾಗಿತ್ತು.

ಮನೆಗೆ ಬಂದು ಅವ್ವನ ಕಿವಿಯಲ್ಲಿ ಹೇಳಿದೆ. ಅವಳು ತನ್ನ ಪಾಲಿನ ಕಜ್ಜಾಯವನ್ನೂ ನನ್ನ ಕೈಗೆ ಹಾಕಿದಳು.

ಸಂಕ್ರಾಂತಿಗೆ ಮುಂಚೆಯೇ ಅಜ್ಜಿ ಸತ್ತಳು, ಮಗ ಉಂಡನೆಂಬ ನೆಮ್ಮದಿಯಲ್ಲಿ. ಅಪ್ಪ ಯಾವ ರೈಲಿನಲ್ಲೂ ಬರಲಿಲ್ಲ. ಅವ್ವ ಹಣ್ಣು ಮುದುಕಿಯಾದರೂ ಕುಂಕುಮ ಬಿಡಲಿಲ್ಲ. ಅವಳಿರುವಾಗ ಎಡೆಯ ಮಾತು ಎತ್ತಲು ನನಗೆ ಬಾಯಿ ಬರಲಿಲ್ಲ. ಅವಳು ತೀರಿಕೊಂಡ ವರ್ಷ ನಾನೇ ರೊಟ್ಟಿ ಚಟ್ನಿ ಮಾಡಿಕೊಂಡು ಏರಿಗೆ ಹೋದೆ. ಮಣ್ಣು ಹಾಕಿ ಏರಿ ಎತ್ತರಿಸಿ, ಮೇಲೆ ಡಾಂಬರು ಬಳಿದಿದ್ದರು. ನಾಲ್ಕು ಕಲ್ಲೂ ಅದರ ಕೆಳಗೆ. ಯಾವುದು ಎಲ್ಲಿತ್ತೆಂದು ಹೇಳಲು ಮುನಿತಾಯಮ್ಮನೂ ಇರಲಿಲ್ಲ. ಲಾರಿಗಳು ಹೋಗುತ್ತಿದ್ದವು, ಕಾಗೆಗಳು ಕೂರುತ್ತಿರಲಿಲ್ಲ.

ಅವತ್ತು ನಾನು ಮೊದಲನೆಯ ಕಲ್ಲಿನ ಹತ್ತಿರ ನಿಂತಿದ್ದರೆ, ನಮ್ಮಪ್ಪ ಒಂದು ಸಲವಾದರೂ ಉಂಡಿರುತ್ತಿದ್ದ.